ಮಾವು ಸಿಹಿ ಅನ್ನೋದು ಅಭಿಪ್ರಾಯ, ಆಯ್ತು, ಮುಂದೆ?

ಮುಖಪುಟದ ಮೇಲೆ ಜೀವನ ಕೌಶಲ ಅಂತ ದಪ್ಪಕ್ಷರದಲ್ಲಿ ಬರೆದಿರೋ ಅಭ್ಯಾಸ ಪುಸ್ತಕವೊಂದು ನನ್ನ ಮುಂದಿದೆ. ಯಾರು ಅಚ್ಚು ಹಾಕಿಸಿದ್ದು ಅನ್ನೋದು ಮುಖ್ಯ ಅಲ್ಲ. ಇಂಥವು ಈಗ ಹತ್ತಾರು ಬಂದಿವೆ, ಒಂದರಲ್ಲಿ ಇದ್ದದ್ದೇ ಇನ್ನೊಂದರಲ್ಲೂ ಇರುತ್ತೆ. ಆರು, ಏಳನೇ ತರಗತಿಯ ಮಕ್ಕಳಿಗೆ. ಒಳಗೆ ಮೂರು ಭಾಗ: ಸಮಸ್ಯೆ ಬಿಡಿಸುವುದು, ನಿರ್ಧಾರ ತೆಗೆದುಕೊಳ್ಳುವುದು, ಸತ್ಯ ಯಾವುದು ಅಭಿಪ್ರಾಯ ಯಾವುದು ಅಂತ ಗುರುತಿಸುವುದು. ಶನಿವಾರದ ಬೆಳಗಿನ ಶಾಲೆ ಮುಗಿದ ಮೇಲೆ ನಾನು ಒಂದು ಸರ್ಕಾರಿ ಶಾಲೆಯ ಮಕ್ಕಳ ಜೊತೆ ಕೂತು ಕಥೆ ಪುಸ್ತಕ ಓದ್ತೀನಿ. ಶಿಕಾರಿಪುರದಿಂದ ಸೊರಬಕ್ಕೆ ಹೋಗೋ ಬಸ್ಸು ಶಿರಾಳಕೊಪ್ಪ ದಾಟಿದ ಮೇಲೆ ಸಿಗೋ ಊರು ಅಂದರೆ ಸಾಕು. ಅಲ್ಲಿನ ಮೇಷ್ಟ್ರೇ ಈ ಪುಸ್ತಕ ಕೊಟ್ಟು, "ಇದನ್ನೂ ಸ್ವಲ್ಪ ಮಾಡಿಸಿ ಮೇಡಂ, ಮೇಲಿಂದ ಬಂದಿದೆ" ಅಂದಿದ್ದರು. ಆರು ವಾರ ಮಾಡಿಸಿದೆ. ಅದರ ಬಗ್ಗೆ ನನಗೆ ಹೇಳೋದಿದೆ.

ಮೊದಲು ಆ "ಸತ್ಯ" ಅನ್ನೋ ಪದ. ಇಂಗ್ಲಿಷಿನ ಫ್ಯಾಕ್ಟ್‌ಗೆ ಕನ್ನಡದಲ್ಲಿ ಸತ್ಯ ಅಂತ ಹಾಕಿಬಿಟ್ಟಿದ್ದಾರೆ. ಕನ್ನಡದ ಯಾವ ಮಗುವನ್ನಾದರೂ ಸತ್ಯದ ವಿರುದ್ಧಪದ ಏನು ಅಂತ ಕೇಳಿ, ಸುಳ್ಳು ಅನ್ನುತ್ತೆ. ಹಾಗಾಗಿ ಒಂದು ಕಡೆ ಸತ್ಯ, ಇನ್ನೊಂದು ಕಡೆ ಅಭಿಪ್ರಾಯ ಅಂತ ಎರಡು ಕಂಬಸಾಲು ಎಳೆದ ಕೂಡಲೇ ಅಭಿಪ್ರಾಯ ಅಂದರೆ ಸುಳ್ಳು ಅಂತಲೇ ಮಕ್ಕಳ ತಲೆಯಲ್ಲಿ ಕೂತುಬಿಡ್ತು. "ನಮ್ಮ ಟೀಚರ್ ಒಳ್ಳೆಯವರು" ಅನ್ನೋ ವಾಕ್ಯವನ್ನು ಅಭಿಪ್ರಾಯದ ಸಾಲಿಗೆ ಹಾಕೋಕೆ ಒಬ್ಬ ಹುಡುಗ ಒಪ್ಪಲೇ ಇಲ್ಲ. ಹಾಕಿದರೆ ಟೀಚರ್‌ಗೆ ಬೇಜಾರಾಗುತ್ತಲ್ಲ! ನಾನು ಸತ್ಯ ಅಳಿಸಿ "ಸಂಗತಿ" ಅಂತ ಬರೆಸಿದೆ. ಸಂಗತಿ ನಿಜವೂ ಇರಬಹುದು, ತಪ್ಪೂ ಇರಬಹುದು, ನೋಡಿ ತೀರ್ಮಾನಿಸಬೇಕು. ಇಡೀ ಪಾಠ ಇರೋದೇ ಆ "ನೋಡಿ" ಅನ್ನೋದರಲ್ಲಿ, ಪುಸ್ತಕದಲ್ಲಿ ಇಲ್ಲದೇ ಇರೋದೂ ಅದೇ.

ಪುಸ್ತಕದ ಉದಾಹರಣೆಗಳು ಹೀಗಿವೆ: ಮಾವು ಒಂದು ಹಣ್ಣು, ಸತ್ಯ. ಮಾವು ಎಲ್ಲ ಹಣ್ಣಿಗಿಂತ ರುಚಿ, ಅಭಿಪ್ರಾಯ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ, ಸತ್ಯ. ಸೂರ್ಯೋದಯ ಸುಂದರ, ಅಭಿಪ್ರಾಯ. ಹೀಗೆ ಇಪ್ಪತ್ತು. ಎರಡನೇ ವಾರಕ್ಕೇ ಮಕ್ಕಳು ಗುಟ್ಟು ಹಿಡಿದುಬಿಟ್ಟರು. ವಾಕ್ಯದಲ್ಲಿ ಚೆಂದ, ರುಚಿ, ಒಳ್ಳೆಯ, ಬೇಕು ಅಂತ ಇದ್ದರೆ ಅಭಿಪ್ರಾಯ. ಅಂಕಿ ಇದ್ದರೆ, ಊರಿನ ಹೆಸರಿದ್ದರೆ ಸತ್ಯ. ಅರ್ಥ ಮಾಡಿಕೊಳ್ಳೋ ಕೆಲಸವೇ ಇಲ್ಲ, ಇಪ್ಪತ್ತಕ್ಕೆ ಇಪ್ಪತ್ತು ಅಂಕ. ನಾನು ಬೋರ್ಡಿನ ಮೇಲೆ "ಶಿಕಾರಿಪುರ ತಾಲೂಕಿನಲ್ಲಿ 4 ಸಮುದ್ರಗಳಿವೆ" ಅಂತ ಬರೆದೆ. ಅರ್ಧ ತರಗತಿ ಸತ್ಯ ಅಂದಿತು. ಸಮುದ್ರ ಇಲ್ಲ ಅನ್ನೋದು ಗೊತ್ತಿಲ್ಲ ಅಂತಲ್ಲ. ವಾಕ್ಯ ಸತ್ಯದ ಹಾಗೆ ಕಾಣ್ತಿತ್ತು, ಅಷ್ಟೇ.

ಅಂಕಿ ಹಾಕಿದ, ಊರಿನ ಹೆಸರು ಹಾಕಿದ, "ವಿಜ್ಞಾನಿಗಳು ಹೇಳಿದ್ದಾರೆ" ಅಂತ ಶುರುವಾಗೋ ಸುಳ್ಳುಗಳೇ ಇವತ್ತು ಮೊಬೈಲ್‌ನಲ್ಲಿ ಓಡಾಡೋದು. ಅವನ್ನು ಹಿಡಿಯೋಕೆ ಅಂತ ಮಾಡಿದ ಪಾಠ ಅವುಗಳಿಗೇ ಬಾಗಿಲು ತೆಗೆದುಕೊಟ್ಟ ಹಾಗಾಯಿತು.

ಈ ಫ್ಯಾಷನ್ ಎಲ್ಲಿಂದ ಬಂತು ಅಂತ ನೋಡೋದಾದರೆ, ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹತ್ತು ಜೀವನ ಕೌಶಲಗಳ ಒಂದು ಪಟ್ಟಿ ಮಾಡಿತ್ತು. ನಿರ್ಧಾರ ಮಾಡೋದು, ಸಮಸ್ಯೆ ಬಿಡಿಸೋದು, ವಿಮರ್ಶಾತ್ಮಕ ಚಿಂತನೆ ಎಲ್ಲ ಅದರಲ್ಲಿವೆ. ಆಮೇಲೆ ಒಇಸಿಡಿ ದೇಶಗಳು ನಡೆಸೋ ಪೀಸಾ ಪರೀಕ್ಷೆ ಬಂತು, 15 ವರ್ಷದ ಮಕ್ಕಳಿಗೆ. 2018ರ ಪೀಸಾದಲ್ಲಿ ಈಸ್ಟರ್ ದ್ವೀಪದ ಮೇಲೆ ಒಂದು ಪ್ರಶ್ನೆ ಇತ್ತು. ಆ ದ್ವೀಪದ ಕಾಡು ಯಾಕೆ ನಾಶವಾಯಿತು ಅಂತ ಹೇಳೋ ಒಂದು ಪುಸ್ತಕದ ವಿಮರ್ಶೆ ಕೊಟ್ಟು, ಅದರ ಯಾವ ವಾಕ್ಯ ಸಂಗತಿ, ಯಾವುದು ಅಭಿಪ್ರಾಯ ಅಂತ ಕೇಳಿದ್ದರು. 1722ರಲ್ಲಿ ಯುರೋಪಿನವರು ಬಂದಾಗ ಶಿಲಾಮೂರ್ತಿಗಳಿದ್ದವು, ಕಾಡಿರಲಿಲ್ಲ ಅನ್ನೋದು ಸಂಗತಿ. ಈ ಪುಸ್ತಕ ಓದಲೇಬೇಕಾದ್ದು ಅನ್ನೋದು ಅಭಿಪ್ರಾಯ. ಇಲ್ಲಿಯವರೆಗೆ ನಮ್ಮ ಮಾವಿನ ಹಣ್ಣೇ. ಆದರೆ ಅವರು ಅಷ್ಟಕ್ಕೆ ಬಿಡಲಿಲ್ಲ. ಮುಂದೆ ಇನ್ನೊಂದು ಬರಹ ಕೊಟ್ಟರು: ಕಾಡು ಹೋಗಿದ್ದು ಜನ ಕಡಿದಿದ್ದರಿಂದ ಅಲ್ಲ, ಇಲಿಗಳು ಬೀಜ ತಿಂದಿದ್ದರಿಂದ ಅಂತ ವಾದಿಸೋದು. ಯಾರ ಹತ್ತಿರ ಏನು ಆಧಾರ ಇದೆ, ಮೂರನ್ನೂ ಓದಿದ ನಿನಗೆ ಏನನ್ನಿಸುತ್ತೆ, ಯಾಕೆ ಅಂತ ಕೇಳಿದರು. ನಮ್ಮ ಅಭ್ಯಾಸ ಪುಸ್ತಕಗಳು ಮೊದಲರ್ಧ ಮಾತ್ರ ಎತ್ತಿಕೊಂಡ ಹಾಗೆ ಕಾಣುತ್ತೆ. ಅಂದ ಹಾಗೆ ಸೂಕ್ಷ್ಮ ಸುಳಿವುಗಳಿಂದ ಸಂಗತಿ–ಅಭಿಪ್ರಾಯ ಬೇರೆ ಮಾಡಬಲ್ಲವರು ಒಇಸಿಡಿ ದೇಶಗಳಲ್ಲೇ ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ ಅಂತ ಆ ವರದಿಯೇ ಹೇಳ್ತು. ಆದ್ದರಿಂದ ನಮ್ಮ ಮಕ್ಕಳು ದಡ್ಡರು ಅಂತ ಯಾರೂ ಶುರು ಮಾಡೋದು ಬೇಡ.

ನನ್ನ ತಕರಾರು ಇಷ್ಟು: ಈಸ್ಟರ್ ದ್ವೀಪಕ್ಕೆ ಹೋಗಬೇಕಾಗಿಲ್ಲ, ಬೆಂಗಳೂರಿನ ಅಪಾರ್ಟ್‌ಮೆಂಟಿನ ಲಿಫ್ಟ್‌ಗೂ ಹೋಗಬೇಕಾಗಿಲ್ಲ. (ಪುಸ್ತಕದ "ಸಮಸ್ಯೆ ಬಿಡಿಸಿ" ಭಾಗದಲ್ಲಿ ರಾಹುಲ್ ಅನ್ನೋ ಹುಡುಗ ಲಿಫ್ಟ್‌ನಲ್ಲಿ ಸಿಕ್ಕಿಹಾಕಿಕೊಳ್ತಾನೆ. ನಮ್ಮ ತರಗತಿಯಲ್ಲಿ ಲಿಫ್ಟ್ ಹತ್ತಿದ್ದವರು ಇಬ್ಬರು, ಇಬ್ಬರೂ ಶಿವಮೊಗ್ಗದ ಆಸ್ಪತ್ರೆಯಲ್ಲಿ.) ಸಮಸ್ಯೆ ಬಿಡಿಸೋದು ಹೇಗೆ, ಊಹೆಯನ್ನು ಪರೀಕ್ಷಿಸೋದು ಹೇಗೆ ಅಂತ ತೋರಿಸೋಕೆ ಇಡೀ ಪ್ರಪಂಚದ ವೈದ್ಯಪುಸ್ತಕಗಳಲ್ಲಿ ಹೆಸರಿರೋ ಊರು ಸೊರಬ ತಾಲೂಕಲ್ಲೇ ಇದೆ. ಕ್ಯಾಸನೂರು.

ಮಂಗನ ಕಾಯಿಲೆ ಅಂದರೆ ನಮ್ಮ ಕಡೆ ಯಾವ ಮಗುವಿಗೂ ಹೊಸದಲ್ಲ. ಆದರೆ ಅದನ್ನು ಕಂಡುಹಿಡಿದ ಕಥೆ ಒಂದು ಮಗುವಿಗೂ ಗೊತ್ತಿರಲಿಲ್ಲ. 1957ರ ಬೇಸಿಗೆ. ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಕರಿಮೂತಿಯ ಮುಸುವಗಳೂ ಸತ್ತು ಬೀಳ್ತಾ ಇದ್ದವು. ಸುತ್ತಲ ಹಳ್ಳಿಗಳಲ್ಲಿ ಜನಕ್ಕೆ ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ, ಸಾವು. ಮಂಗ ಸಾಯೋದಕ್ಕೂ ಮನುಷ್ಯರಿಗೆ ಜ್ವರ ಬರೋದಕ್ಕೂ ಸಂಬಂಧ ಇದೆ ಅನ್ನೋದು ಹಳ್ಳಿಯವರ ಮಾತು. ಇದನ್ನು ಯಾವ ಸಾಲಿಗೆ ಹಾಕ್ತೀರಿ? ಆಗ ಅದು ಬರೀ ಅನಿಸಿಕೆ. ಆದರೆ ಕಣ್ಣಾರೆ ಕಂಡದ್ದರಿಂದ ಹುಟ್ಟಿದ ಅನಿಸಿಕೆ.

ಪುಣೆಯಲ್ಲಿ 1952ರಲ್ಲಿ ಶುರುವಾಗಿದ್ದ ವೈರಸ್ ರಿಸರ್ಚ್ ಸೆಂಟರ್‌ನಿಂದ (ಈಗಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ) ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತವರ ಜೊತೆಯವರು ಬಂದರು. ಟ್ರಪಿಡೊ ಮುಂಚೆ ಪನಾಮಾದಲ್ಲಿ ಕೆಲಸ ಮಾಡಿದ್ದವರು. ಅಮೆರಿಕ ಖಂಡದ ಆ ಕಾಡುಗಳಲ್ಲಿ ಮಂಗಗಳು ಗುಂಪುಗುಂಪಾಗಿ ಸತ್ತರೆ ಅದು ಹಳದಿ ಜ್ವರದ ಸೂಚನೆ. ಹಾಗಾಗಿ ಇಲ್ಲೂ ಮೊದಲ ಅನುಮಾನ ಹಳದಿ ಜ್ವರದ ಮೇಲೆ. ಭಯ ಹುಟ್ಟಿಸೋ ಅನುಮಾನ ಅದು, ಯಾಕೆಂದರೆ ಹಳದಿ ಜ್ವರ ಏಷ್ಯಾಕ್ಕೆ ಅಲ್ಲಿಯವರೆಗೂ ಕಾಲಿಟ್ಟಿರಲಿಲ್ಲ. ಹಳದಿ ಜ್ವರ ಸೊಳ್ಳೆಯಿಂದ ಹರಡೋದು. ಅದೇ ನಿಜ ಅಂತ ನಂಬಿ ಕೂತಿದ್ದರೆ ಸೊಳ್ಳೆ ಹಿಂದೆಯೇ ಹೋಗಬೇಕಿತ್ತು. ಸತ್ತ ಮಂಗಗಳಿಂದ ವೈರಸ್ ಬೇರೆ ಮಾಡಿ ಪರೀಕ್ಷಿಸಿದರು. ಹಳದಿ ಜ್ವರ ಅಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡೋ ಒಂದು ಮೆದುಳು ಜ್ವರ ಇದೆ, ಅದರ ಸೋದರ ಸಂಬಂಧಿ. ಉಣುಗು ಅಂದರೆ ದನದ ಕಿವಿಯಲ್ಲಿ ಕಚ್ಚಿಕೊಂಡಿರುತ್ತಲ್ಲ, ಕೆಲವು ಕಡೆ ಉಣ್ಣೆ ಅಂತಾರೆ, ಅದೇ ಜಾತಿ. ಸೊಳ್ಳೆ ಬಿಟ್ಟು ಉಣುಗಿನ ಹಿಂದೆ ಹೋದರು, ಸಿಕ್ಕಿತು.

ರಷ್ಯಾದ ಕಾಯಿಲೆಗೆ ಹತ್ತಿರದ್ದು ತಾನೇ, ಅಲ್ಲಿಯ ಕಾಯಿಲೆಗೆ ಇದ್ದ ಲಸಿಕೆಯೇ ಇಲ್ಲೂ ನಡೆಯಬಹುದು ಅಂದುಕೊಂಡು ಅದನ್ನೂ ಕೊಟ್ಟು ನೋಡಿದರು. ಚೆನ್ನಾಗಿ ಓದಿದವರ, ಕಾರಣ ಇರೋ ಅಭಿಪ್ರಾಯ ಅದು. ನಡೆಯಲಿಲ್ಲ. ರಕ್ಷಣೆ ಸಿಗಲಿಲ್ಲ ಅಂತ ಅವರೇ ಬರೆದು ಪ್ರಕಟಿಸಿದರು.

ಇಷ್ಟು ಹೇಳಿ ಮುಗಿಸಿದಾಗ ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಅಷ್ಟು ದೊಡ್ಡ ಸೈಂಟಿಸ್ಟ್‌ಗಳು ಎರಡು ಸಲ ತಪ್ಪು ಹೇಳಿದ್ರಾ ಮೇಡಂ?" ಹೌದು ಮಾರಾಯ್ತಿ, ತಪ್ಪು ಅಂತ ಗೊತ್ತಾಗೋ ಹಾಗೆ ಹೇಳಿದರು. ಹಾಗೆ ಹೇಳೋದನ್ನು ಕಲಿಸೋ ಒಂದು ಪುಟವೂ ನಮ್ಮ ಪುಸ್ತಕದಲ್ಲಿಲ್ಲ.

ಮುಂದಿನ ಶನಿವಾರ ಮಕ್ಕಳೇ ಮಂಗನ ಕಾಯಿಲೆ ಬಗ್ಗೆ ಊರಲ್ಲಿ ಕೇಳಿದ ಮಾತುಗಳನ್ನು ಬರೆದುಕೊಂಡು ಬಂದರು. "ರೋಗಿ ಹತ್ರ ಕೂತರೆ ಅಂಟುತ್ತೆ." "ಇಂಜೆಕ್ಷನ್ ಹಾಕಿಸಿಕೊಂಡ್ರೆ ಬರಲ್ಲ." "ಇಂಜೆಕ್ಷನ್ ಹಾಕಿಸಿಕೊಂಡ್ರೇ ಬರೋದು." "ಮಂಗನ್ನ ಕೊಂದ್ರೆ ಕಾಯಿಲೆ ಹೋಗುತ್ತೆ." ನೋಡಿ, ಇವುಗಳಲ್ಲಿ ಒಂದರಲ್ಲೂ ಚೆಂದ, ರುಚಿ, ಒಳ್ಳೆಯದು ಇಲ್ಲ. ಪುಸ್ತಕದ ಲೆಕ್ಕದಲ್ಲಿ ನಾಲ್ಕೂ ಸತ್ಯ! ಒಂದೊಂದೇ ಹಿಡಿದೆವು. ಮನುಷ್ಯರಿಂದ ಮನುಷ್ಯರಿಗೆ ಇದು ಅಂಟುವ ಕಾಯಿಲೆ ಅಲ್ಲ. ಅಂಟುತ್ತೆ ಅನ್ನೋ ಮಾತಿನಿಂದ ಆಗೋದು ಜ್ವರ ಬಂದ ಮನೆಗೆ ಯಾರೂ ಹೋಗದೇ ಇರೋದು, ಮನೆಯವರು ಜ್ವರ ಮುಚ್ಚಿಡೋದು. ಮಂಗ ನಮ್ಮ ಹಾಗೇ ಕಾಯಿಲೆಗೆ ಬೀಳೋ ಪ್ರಾಣಿ. ಅದು ಸತ್ತಾಗ ಮೈಮೇಲಿದ್ದ ಉಣುಗು ಉದುರಿ ಸುತ್ತ ಹರಡುತ್ತೆ. ಅದಕ್ಕೇ ಸತ್ತ ಮಂಗನ ಹತ್ತಿರ ಹೋಗಬಾರದು, ಇಲಾಖೆಯವರಿಗೆ ಹೇಳಬೇಕು. ಕೊಂದರೆ ಇನ್ನಷ್ಟು ಹರಡಿಸಿದ ಹಾಗೆ.

ಇಂಜೆಕ್ಷನ್ ಮಾತು ಬಂದಾಗ ಮಕ್ಕಳಿಗೆ ನಿಜವಾದ ಗಲಿಬಿಲಿ. ನಮ್ಮ ಭಾಗದಲ್ಲಿ 1990ರಿಂದ ಸುಮಾರು ಮೂವತ್ತು ವರ್ಷ ಒಂದು ಲಸಿಕೆ ಕೊಡ್ತಾ ಇದ್ದರು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಎರಡು ಡೋಸ್ ಹಾಕಿಸಿಕೊಂಡವರಿಗೆ ಅದರ ರಕ್ಷಣೆ ಸುಮಾರು ಶೇ. 62, ಬೂಸ್ಟರ್ ಕೂಡ ಹಾಕಿಸಿಕೊಂಡರೆ ಸುಮಾರು ಶೇ. 83. ಆಮೇಲೆ ಅದರ ಪರಿಣಾಮ ಸಾಲದು ಅಂತ ಬಳಕೆಯೇ ನಿಂತಿತು. ಹಾಗಾದರೆ "ಇಂಜೆಕ್ಷನ್ ಹಾಕಿಸಿಕೊಂಡ್ರೆ ಬರಲ್ಲ" ಅನ್ನೋದು ಸತ್ಯವೋ ಸುಳ್ಳೋ? ಎರಡೂ ಅಲ್ಲ. ಹಾಕಿಸಿಕೊಂಡ ಮೇಲೂ ಬರಬಹುದಿತ್ತು, ಬರೋ ಸಾಧ್ಯತೆ ಕಡಿಮೆ ಇತ್ತು. ಶೇಕಡಾ ಲೆಕ್ಕ ಗಣಿತದ ಪುಸ್ತಕದಲ್ಲಿ ಬಡ್ಡಿ, ಲಾಭ–ನಷ್ಟ ಅಂತ ಮಾಡ್ತಾರೆ. ಇಲ್ಲಿ ಅದೇ ಲೆಕ್ಕ ಅಜ್ಜಿಯ ಜ್ವರಕ್ಕೆ ಬೇಕಾಯಿತು. ಅರ್ಧ ಗಂಟೆ ಹಿಡಿಯಿತು, ಎಲ್ಲರಿಗೂ ಅರ್ಥ ಆಯ್ತು ಅಂತ ಹೇಳಲಾರೆ.

ಆ ಕಥೆಗೆ ಇನ್ನೂ ಒಂದು ಕೊನೆ ಇದೆ. ರಷ್ಯಾದ ಕಾಯಿಲೆಯ ಸಂಬಂಧಿ ಸೊರಬಕ್ಕೆ ಬಂದದ್ದು ಹೇಗೆ? ಸೈಬೀರಿಯಾ ಕಡೆಯಿಂದ ವಲಸೆ ಬರೋ ಹಕ್ಕಿಗಳ ಮೈಮೇಲಿನ ಉಣುಗು ತಂದಿರಬಹುದು ಅನ್ನೋ ಊಹೆ ಎದ್ದಿತು. ಸಲೀಂ ಅಲಿ ಅವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ಹಾಕಿ ವರ್ಷಗಟ್ಟಲೆ ಅಧ್ಯಯನ ಮಾಡಿತು. ಹಕ್ಕಿಗಳೇ ತಂದವು ಅನ್ನೋದಕ್ಕೆ ಆಧಾರ ಸಿಗಲಿಲ್ಲ. ಆದರೆ ಆ ಅಧ್ಯಯನಕ್ಕೆ ಅಮೆರಿಕದ ಸೈನ್ಯದ ಒಂದು ಯೋಜನೆಯ ಹಣವೂ ಬಂದಿತ್ತು. 1970ರ ದಶಕದ ಮಧ್ಯದಲ್ಲಿ ಇದು ದೊಡ್ಡ ಗಲಾಟೆಯಾಗಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯವರೆಗೂ ಹೋಯಿತು. ರೋಗಾಣು ಯುದ್ಧದ ಪ್ರಯೋಗ ಇರಬಹುದಾ ಅನ್ನೋ ಸಂಶಯವೂ ಎದ್ದಿತು. ಹಣ ಬಂದದ್ದು ಸಂಗತಿ. ಆ ಹಣದ ಬಗ್ಗೆ ಪ್ರಶ್ನೆ ಕೇಳಿದ್ದು ಸರಿಯೇ, ಕೇಳಲೇಬೇಕಿತ್ತು. ಆದರೆ ಕಾಯಿಲೆ ಅವರೇ ಬಿಟ್ಟದ್ದು ಅನ್ನೋದು ಆ ಸಂಗತಿಯಿಂದ ಹೊರಡಲ್ಲ. ಇವತ್ತಿಗೂ ನಮ್ಮೂರ ಚಹಾದಂಗಡಿಯಲ್ಲಿ "ಅಮೆರಿಕದವರು ಬಿಟ್ಟಿದ್ದು" ಅಂತ ಖಡಾಖಂಡಿತವಾಗಿ ಹೇಳೋವ್ರು ಸಿಗ್ತಾರೆ. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಅಲ್ಖುರ್ಮಾ ಅಂತ ಇದಕ್ಕೆ ತುಂಬ ಹತ್ತಿರದ ವೈರಸ್ ಸಿಕ್ಕಿದ್ದು ಅವರ ಕಿವಿಗೆ ಬಿದ್ದಿಲ್ಲ. ಬಿದ್ದಿದ್ದರೆ ಅದನ್ನೂ ಅಮೆರಿಕದ ಲೆಕ್ಕಕ್ಕೇ ಸೇರಿಸ್ತಿದ್ದರೋ ಏನೋ! ಬಂಗಾರಪ್ಪನವರ ಸೊರಬ, ಯಡಿಯೂರಪ್ಪನವರ ಶಿಕಾರಿಪುರ. ಎರಡು ಕಡೆಯೂ ಖಡಾಖಂಡಿತ ಮಾತಿಗೆ ಬರ ಇಲ್ಲ.

ಮೇಲೆ "ಅನುಮಾನ" ಅಂದೆ. ಆಡುಮಾತಲ್ಲಿ ಅನುಮಾನ ಅಂದರೆ ಸಂಶಯ. "ನನ್ನ ಮೇಲೆ ಅನುಮಾನನಾ?" ಅಂತ ಜಗಳಕ್ಕೆ ನಿಲ್ಲೋ ಅನುಮಾನ. ನ್ಯಾಯಶಾಸ್ತ್ರದಲ್ಲಿ ಅದೇ ಪದಕ್ಕೆ ಬೇರೆ ಅರ್ಥ: ಹೊಗೆ ಕಂಡು ಬೆಂಕಿ ಇದೆ ಅಂತ ತರ್ಕಿಸೋದು. ಎರಡರ ನಡುವಿನ ದೂರ ಮಕ್ಕಳಿಗೆ ಅರ್ಥವಾದರೆ ಅರ್ಧ ಪಾಠ ಮುಗಿದ ಹಾಗೆ. ಇದನ್ನೆಲ್ಲ ಹೊರಗಿಂದ ತರಬೇಕಾಗಿಯೂ ಇಲ್ಲ. ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯಲ್ಲಿ, ಕೇದಾರೇಶ್ವರ ಗುಡಿಗೆ ಸೇರಿದ್ದ ಕೋಡಿಯಮಠದಲ್ಲಿ ಏನೇನು ಓದಿಸ್ತಿದ್ದರು ಅಂತ 1162ರ ಶಾಸನವೊಂದು ಪಟ್ಟಿ ಕೊಡುತ್ತೆ. ವೇದ, ವ್ಯಾಕರಣದ ಜೊತೆಗೆ ನ್ಯಾಯ, ವೈಶೇಷಿಕ, ಸಾಂಖ್ಯ, ಬೌದ್ಧ ದರ್ಶನ ಕೂಡ. ಶೈವ ಮಠದೊಳಗೆ ಬೌದ್ಧರ ವಾದ ಓದಿಸೋದು ಅಂದರೆ ಎದುರಾಳಿ ಏನು ಹೇಳ್ತಾನೆ ಅಂತ ಪೂರ್ತಿ ಕೇಳಿಸಿಕೊಂಡು ಆಮೇಲೆ ಉತ್ತರ ಕೊಡೋ ಪದ್ಧತಿ. ಹಾಗಂತ ಹಿಂದೆ ಎಲ್ಲ ಬಂಗಾರ ಆಗಿತ್ತು ಅಂತ ಕುಣಿಯೋಕೆ ನಾನಿಲ್ಲ. ಆ ಮಠದ ಬಾಗಿಲಲ್ಲಿ ದೀನರಿಗೆ ಅನ್ನ, ರೋಗಿಗಳಿಗೆ ಔಷಧ ಸಿಗ್ತಿತ್ತು ಅಂತಲೂ ಶಾಸನ ಹೇಳುತ್ತೆ. ನನ್ನ ಶನಿವಾರದ ತರಗತಿಯಲ್ಲಿರೋ ಎಷ್ಟು ಮಕ್ಕಳ ಹಿರಿಯರು ಅನ್ನದ ಸಾಲು ಬಿಟ್ಟು ಓದಿನ ಸಾಲಲ್ಲಿ ಕೂರೋಕೆ ಸಾಧ್ಯವಿತ್ತು ಅಂತ ಯೋಚಿಸಿದರೆ ಆ ಹೆಮ್ಮೆ ಸ್ವಲ್ಪ ಇಳಿಯುತ್ತೆ.

ಬಳ್ಳಿಗಾವಿ ಬಿಟ್ಟು ಪಕ್ಕದ ತಾಳಗುಂದಕ್ಕೆ ಬರೋಣ. ನನಗೆ ಹೆಚ್ಚು ಸಿಟ್ಟು ಬರಿಸೋ ಉದಾಹರಣೆ ಇರೋದು ಇಲ್ಲೇ. ಒಂದು ಅಂಕದ ಪ್ರಶ್ನೆ: ಕನ್ನಡದ ಮೊದಲ ಶಾಸನ ಯಾವುದು? ಉತ್ತರ: ಹಲ್ಮಿಡಿ ಶಾಸನ, ಕ್ರಿ.ಶ. 450. ನಾವೂ ಬರೆದೆವು, ನಮ್ಮ ಮಕ್ಕಳೂ ಬರೆದರು. 2013ರ ಹೊತ್ತಿಗೆ ತಾಳಗುಂದದ ಪ್ರಣವೇಶ್ವರ ಗುಡಿಯ ಹತ್ತಿರ ಪುರಾತತ್ವ ಇಲಾಖೆ ಅಗೆದಾಗ ಸಿಂಹದ ಕೆತ್ತನೆಯಿರೋ ಮೆಟ್ಟಿಲ ಕೈಪಿಡಿಯ ಕಲ್ಲು ಸಿಕ್ಕಿತು, ಅದರ ಮೇಲೆ ಬರಹ, ಬರಹದಲ್ಲಿ ಕನ್ನಡ. ಕಾಲ ಸುಮಾರು ಕ್ರಿ.ಶ. 370 ಅಂತ ತಜ್ಞರು ಹೇಳಿದರು, ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಈಗ ಆ ಊರಿನ ಹುಡುಗ ದಿನಾ ಗುಡಿಯ ಮುಂದೆ ಆಟ ಆಡಿ, ಪರೀಕ್ಷೆಯಲ್ಲಿ ಏನು ಬರೆಯಬೇಕು?

ಒಬ್ಬ ಹುಡುಗ ಬರೆದ, ತಾಳಗುಂದ ಅಂತ. ಸೊನ್ನೆ. ಮೇಷ್ಟ್ರನ್ನು ಕೇಳಿದರೆ ಅವರದ್ದೂ ತಪ್ಪಲ್ಲ: "ಪುಸ್ತಕದಲ್ಲಿ ಹಲ್ಮಿಡಿ ಅಂತಿದೆ ಮೇಡಂ, ನಾನು ಅಂಕ ಕೊಟ್ಟರೆ ನಾಳೆ ಪಬ್ಲಿಕ್ ಪರೀಕ್ಷೆಯಲ್ಲಿ ಯಾರು ಕೊಡ್ತಾರೆ?" ಹುಡುಗನ ಪರ ನಿಂತ ಊರಿನ ಹಿರಿಯರೊಬ್ಬರು ಇನ್ನೊಂದು ತುದಿ: "ಹಲ್ಮಿಡಿ ಕಥೆ ಮುಗೀತು. ಇನ್ನು ನಮ್ದೇ ಫಸ್ಟು." ಸತ್ಯದ ಸಾಲಲ್ಲಿ ಹಾಸನದ ಹೆಸರು ಅಳಿಸಿ ಶಿವಮೊಗ್ಗದ ಹೆಸರು ಬರೆದರೆ ಅವರಿಗೆ ಕೆಲಸ ಮುಗೀತು.

ಇಬ್ಬರೂ ಕೇಳದೇ ಇದ್ದ ಪ್ರಶ್ನೆ: 450 ಅಂತ ಹೇಗೆ ಗೊತ್ತಾಯಿತು? 370 ಅಂತ ಹೇಗೆ ಗೊತ್ತಾಯಿತು? ಹಲ್ಮಿಡಿ ಶಾಸನದಲ್ಲಿ ಇಸವಿ ಇಲ್ಲ. 1936ರಲ್ಲಿ ಎಂ.ಎಚ್. ಕೃಷ್ಣ ಅದನ್ನು ಬೆಳಕಿಗೆ ತಂದಾಗಿನಿಂದ ಅಕ್ಷರದ ರೂಪ, ಅದರಲ್ಲಿ ಬರೋ ಹೆಸರುಗಳು, ಭಾಷೆ ಇವನ್ನು ನೋಡಿ ಕಾಲ ಕಟ್ಟುತ್ತಾ ಬಂದಿದ್ದಾರೆ. ಐದನೇ ಶತಮಾನದ ನಡುಭಾಗ ಅನ್ನೋವ್ರು ಹೆಚ್ಚು. ಅದಕ್ಕಿಂತ ಈಚಿನದು ಅನ್ನೋವ್ರೂ ಇದ್ದಾರೆ. ತಾಳಗುಂದದ ಕಲ್ಲಿನ 370 ಕೂಡ ತರ್ಕಿಸಿ ಕಟ್ಟಿದ ಕಾಲವೇ. ಅಂದರೆ ಎರಡೂ ಅನುಮಾನ, ಶಾಸ್ತ್ರದ ಅರ್ಥದ ಅನುಮಾನ. ಆಧಾರ ಇದೆ, ಹೊಸ ಆಧಾರ ಬಂದರೆ ಬದಲಾಗಬಹುದು. ಇನ್ನೂ ಒಂದು ತಮಾಷೆ. ಅದೇ ಗುಡಿಯ ಮುಂದಿರೋ ಕಂಬದ ಶಾಸನ, ಕುಬ್ಜ ಕವಿ ಬರೆದದ್ದು, ಕದಂಬರ ಮಯೂರಶರ್ಮ ಓದೋಕೆ ಅಂತ ಕಂಚಿಗೆ ಹೋಗಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ ಕತ್ತಿ ಹಿಡಿದ ಕಥೆ ಹೇಳುತ್ತೆ. ಅದನ್ನು ಬರೆಸಿದ್ದು ಮಯೂರನ ವಂಶದ ಶಾಂತಿವರ್ಮನ ಕಾಲದಲ್ಲಿ, ಘಟನೆ ನಡೆದು ಸುಮಾರು ನೂರು ವರ್ಷದ ಮೇಲೆ. ಪಲ್ಲವರ ಕಡೆಯ ಸವಾರನನ್ನು ಕೇಳಿದ್ದರೆ ಏನು ಹೇಳ್ತಿದ್ದ? ಈ ಒಂದು ಪ್ರಶ್ನೆಗೆ ನಮ್ಮ ಮಕ್ಕಳು ಒಂದು ಪೀರಿಯಡ್ ಪೂರ್ತಿ ಜಗಳ ಆಡಿದರು. ಅವರನ್ನು ಅಷ್ಟು ಖುಷಿಯಾಗಿ ನಾನು ನೋಡಿರಲಿಲ್ಲ.

ಮೂರು ಅಂಕದ ಪ್ರಶ್ನೆ ಮಾಡಿ: ಹಲ್ಮಿಡಿ, ತಾಳಗುಂದ ಎರಡರಲ್ಲಿ ಯಾವುದು ಹಳೆಯದು ಅಂತ ನಿನಗನ್ನಿಸುತ್ತೆ? ಯಾವ ಆಧಾರದಿಂದ? ಏನು ಸಿಕ್ಕರೆ ನಿನ್ನ ಉತ್ತರ ಬದಲಾಗುತ್ತೆ? ಕೊನೇ ಪ್ರಶ್ನೆಗೇ ಎರಡು ಅಂಕ ಕೊಡಿ.

ಇದಕ್ಕೆ ಒಂದು ಆಕ್ಷೇಪ ಬರುತ್ತೆ, ಗಟ್ಟಿ ಆಕ್ಷೇಪವೇ. ನನ್ನ ಗೆಳತಿ, ಇಪ್ಪತ್ತು ವರ್ಷ ಪಾಠ ಮಾಡಿದವಳು, ಹೇಳಿದ್ದು: "ಮಗ್ಗಿ ಬಾರದ ಮಕ್ಕಳಿಗೆ ನೀನು ಶೇಕಡಾ ಅನುಮಾನ ಕಲಿಸ್ತೀಯಾ? ಮೊದಲು ನಾಲ್ಕು ಗಟ್ಟಿ ವಿಷಯ ತಲೆಗೆ ಹೋಗ್ಲಿ ಕಣೇ, ಆಮೇಲೆ ಪ್ರಶ್ನೆ ಕೇಳ್ಲಿ." ಅವಳ ಮಾತಿನ ಮೊದಲರ್ಧವನ್ನು ನಾನು ಪೂರ್ತಿ ಒಪ್ಪುತ್ತೀನಿ, ಆ ಪುಸ್ತಕ ಬರೆದವರಿಗಿಂತ ಹೆಚ್ಚಾಗಿ. ಪನಾಮಾದ ಮಂಗಗಳ ಬಗ್ಗೆ ತಿಳಿಯದೇ ಇದ್ದರೆ ಹಳದಿ ಜ್ವರದ ಊಹೆ ಬರ್ತಿರಲಿಲ್ಲ. ರಷ್ಯಾದ ಜ್ವರ ಗೊತ್ತಿಲ್ಲದಿದ್ದರೆ ಉಣುಗಿನ ಕಡೆ ನೋಡ್ತಿರಲಿಲ್ಲ. ಏನೂ ತಿಳಿಯದ ತಲೆಯಲ್ಲಿ "ಚಿಂತನಾ ಕೌಶಲ" ಅಂತ ಬೇರೆಯಾಗಿ ಕೂರೋಕೆ ಜಾಗ ಇಲ್ಲ. ಅದಕ್ಕೇ ಕೌಶಲಕ್ಕೆ ಅಂತ ಪ್ರತ್ಯೇಕ ಪುಸ್ತಕ, ಪ್ರತ್ಯೇಕ ಪೀರಿಯಡ್ ಮಾಡಿದ್ದೇ ದಾರಿ ತಪ್ಪಿದ್ದು ಅನ್ನೋದು ನನ್ನ ವಾದ. ಸಮಾಜದ ಪಾಠದಲ್ಲಿ ಹಲ್ಮಿಡಿ 450 ಅಂತ ಬಾಯಿಪಾಠ ಮಾಡಿಸಿ, ಕೌಶಲದ ಪೀರಿಯಡ್‌ನಲ್ಲಿ ಮಾವಿನ ಹಣ್ಣಿನ ವಿಮರ್ಶೆ ಮಾಡಿಸಿದರೆ ಎರಡೂ ಸೊರಗುತ್ತವೆ. ಗೆಳತಿಯ "ಆಮೇಲೆ" ಮಾತ್ರ ನನಗೆ ಒಪ್ಪಿಗೆಯಿಲ್ಲ. ಆ ಆಮೇಲೆ ಎಸ್ಸೆಸ್ಸೆಲ್ಸಿ ಮುಗಿದರೂ ಬರಲ್ಲ.

ಇನ್ನು ನಿರ್ಧಾರದ ಭಾಗ. ಪುಸ್ತಕದಲ್ಲಿ ಐದು ಹೆಜ್ಜೆ ಇವೆ: ಸಮಸ್ಯೆ ಗುರುತಿಸು, ಆಯ್ಕೆಗಳ ಪಟ್ಟಿ ಮಾಡು, ಲಾಭ–ನಷ್ಟ ತೂಗು, ಆರಿಸು, ಫಲಿತಾಂಶ ನೋಡು. ಉದಾಹರಣೆಗೆ ಹುಟ್ಟುಹಬ್ಬಕ್ಕೆ ಸೈಕಲ್ ಬೇಕೋ ವಿಡಿಯೊ ಗೇಮ್ ಬೇಕೋ. ಹೆಜ್ಜೆಗಳ ಬಗ್ಗೆ ನನಗೆ ದೂರಿಲ್ಲ. ಆದರೆ ಎಲ್ಲ ಉದಾಹರಣೆಯಲ್ಲೂ ನಿರ್ಧಾರ ಮಗುವಿನ ಕೈಯಲ್ಲೇ ಇದೆ, ಎರಡು ಆಯ್ಕೆಯೂ ಚೆನ್ನಾಗಿವೆ, ತಪ್ಪಾದರೆ ಆಗೋ ನಷ್ಟ ಒಂದು ವಿಡಿಯೊ ಗೇಮು.

ನಾನು ಬೇರೆ ಪ್ರಶ್ನೆ ಕೊಟ್ಟೆ. ಫೆಬ್ರವರಿ ತಿಂಗಳು. ಕೊಟ್ಟಿಗೆಗೆ ದರಗು ಬೇಕು. ಪಕ್ಕದ ಕಾಡಲ್ಲಿ ಮಂಗ ಸತ್ತಿದೆ ಅಂತ ಸುದ್ದಿ. ಅಜ್ಜಿ ತರಗೆಲೆ ಗುಡಿಸೋಕೆ ಹೊರಟಿದ್ದಾಳೆ, ನಿನ್ನನ್ನೂ ಕರೀತಿದ್ದಾಳೆ. ಏನು ಮಾಡ್ತೀಯ? ನಮ್ಮ ಪಕ್ಕದ ಸಾಗರ ತಾಲೂಕಿನ ಅರಳಗೋಡಿನಲ್ಲಿ 2018–19ರ ಬೇಸಿಗೆಯಲ್ಲಿ ಏನಾಯಿತು ಅನ್ನೋದು ಮಕ್ಕಳಿಗೂ ಗೊತ್ತಿತ್ತು, ಹಾಗಾಗಿ ಇದು ಆಟದ ಪ್ರಶ್ನೆ ಆಗಿರಲಿಲ್ಲ. "ಹೋಗಲ್ಲ" ಅಂತ ಮೊದಲು ಎಲ್ಲರೂ ಒಂದೇ ದನಿ. ಅದು ನನಗೋಸ್ಕರ ಹೇಳಿದ ಉತ್ತರ. ಸ್ವಲ್ಪ ಹೊತ್ತಾದ ಮೇಲೆ ನಿಜ ಹೊರಬಂತು. ದರಗು ಇಲ್ಲದಿದ್ದರೆ ಗೊಬ್ಬರ ಎಲ್ಲಿಂದ? ಕೊಂಡರೆ ದುಡ್ಡು ಯಾರು ಕೊಡ್ತಾರೆ? ಮಳೆಗಾಲ ಮುಗಿದ ಕೂಡಲೇ, ಡಿಸೆಂಬರ್ ಒಳಗೇ ತಂದು ಒಟ್ಟಬಹುದಲ್ಲ ಅಂದ ಒಬ್ಬ. ಆಗ ಎಲೆ ಉದುರಿರಲ್ಲ ಕಣೋ ಅಂದ ಇನ್ನೊಬ್ಬ. ತೋಳು ಮುಚ್ಚೋ ಅಂಗಿ, ಆಸ್ಪತ್ರೆಯವರು ಕೊಡೋ ಎಣ್ಣೆ, ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ. ದನಗಳನ್ನು ಆ ಕಡೆ ಮೇಯೋಕೆ ಬಿಡಬಾರದು ಅಂತ ಒಬ್ಬಳು ಹೇಳಿದಳು. ನಾನು ಬೆಚ್ಚಿದೆ, ಯಾಕೆಂದರೆ ಕಾಡಂಚಿನಲ್ಲಿ ದನ ಮೇಯಿಸೋದರಿಂದ ಉಣುಗು ಹೆಚ್ಚಾಗಿ ಕಾಯಿಲೆ ಬೆಳೆದಿರಬಹುದು ಅಂತ ಬೋಶೆಲ್ ಅನ್ನೋ ಕೊಲಂಬಿಯಾದ ವಿಜ್ಞಾನಿ 1969ರಲ್ಲಿ ಬರೆದಿದ್ದ. ಅವಳಿಗೆ ಬೋಶೆಲ್ ಗೊತ್ತಿಲ್ಲ, ದನದ ಕಿವಿ ಗೊತ್ತು.

"ನಾನು ಏನು ನಿರ್ಧಾರ ಮಾಡಿದ್ರೂ ಅಜ್ಜಿ ಹೋಗೇ ಹೋಗ್ತಾಳೆ ಮೇಡಂ" ಅಂದಳು ಅದೇ ಹುಡುಗಿ ಕೊನೆಗೆ. ಪುಸ್ತಕದ ಐದು ಹೆಜ್ಜೆಯಲ್ಲಿ ಇದಕ್ಕೆ ಜಾಗ ಇಲ್ಲ.

ಕರ್ನಾಟಕದಲ್ಲಿ ಮಕ್ಕಳ ಗ್ರಾಮಸಭೆ ಅಂತ ಒಂದಿದೆ, ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಪಂಚಾಯ್ತಿಗಳಲ್ಲಿ ಮಾಡ್ತಾರೆ. ಕುಂದಾಪುರದ ಕಡೆಯ ದುಡಿಯುವ ಮಕ್ಕಳು 1990ರ ದಶಕದಲ್ಲಿ ಮಕ್ಕಳ ಪಂಚಾಯ್ತಿ ನಡೆಸಿ ತೋರಿಸಿದ ದಾರಿ ಅದು. ಈಗ ಬಹಳ ಕಡೆ ಅದು ಸ್ವಾಗತ ಭಾಷಣ, ಬಿಸ್ಕತ್ತು, ಗ್ರೂಪ್ ಫೋಟೊ. ಆದರೂ ಬಿಡೋದು ಬೇಡ ಅಂತ ನಮ್ಮ ಮಕ್ಕಳು ಒಂದು ಹಾಳೆಯಲ್ಲಿ ಎರಡು ಪ್ರಶ್ನೆ ಬರೆದುಕೊಂಡು ಹೋದರು. ಮೊದಲನೆಯದು: ಉಣುಗು ಕಚ್ಚದ ಹಾಗೆ ಹಚ್ಚಿಕೊಳ್ಳೋ ಎಣ್ಣೆಯನ್ನು ದರಗಿಗೆ ಹೋಗೋ ಎಲ್ಲ ಮನೆಗೂ ಜನವರಿಗೆ ಮುಂಚೆ ಕೊಡ್ತೀರಾ? ಎರಡನೆಯದು: ಹೋದ ವರ್ಷ ಎಣ್ಣೆ ಯಾವ ತಾರೀಖಿಗೆ ಬಂತು, ಎಷ್ಟು ಮನೆಗೆ ಕೊಟ್ಟಿರಿ?

ಮೊದಲನೇ ಪ್ರಶ್ನೆಗೆ ವೇದಿಕೆ ಮೇಲಿದ್ದವರೆಲ್ಲ ಖಂಡಿತ ಕೊಡ್ತೀವಿ ಅಂದರು, ಚಪ್ಪಾಳೆ ಬಿತ್ತು. ಎರಡನೆಯದಕ್ಕೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಕೊಟ್ಟಿದೀವಲ್ಲಪ್ಪಾ, ಎಲ್ಲರಿಗೂ ಕೊಟ್ಟಿದೀವಿ" ಅಂದರು ಒಬ್ಬರು. ಹಾಳೆ ಹಿಡಿದಿದ್ದ ಹುಡುಗ ಕೂರಲಿಲ್ಲ. "ತಾರೀಖು ಸರ್" ಅಂದ. ರಿಜಿಸ್ಟರ್ ಆಸ್ಪತ್ರೆಯಲ್ಲಿದೆ, ತರಿಸಿ ಹೇಳ್ತೀವಿ ಅಂತ ಬರೆದುಕೊಂಡರು.